ಇವತ್ತೊಂದು ರಾತ್ರಿ ಇದ್ದು ಹೋಗಣ್ಣ

ನಿಮ್ಮ ಒಡಹುಟ್ಟಿದವರ ಮನೆಯಲ್ಲಿ ನೀವು ಕಡೆಯ ಬಾರಿಗೆ ಒಂದು ರಾತ್ರಿ ಉಳಿದದ್ದು ಯಾವಾಗ? ಮದುವೆಗೆ ಹೋಗಿ ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಾವಿಗೆ ಹೋಗಿ ಉಳಿದದ್ದನ್ನೂ ಬಿಡಿ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕಳೆದ ರಾತ್ರಿಗಳೂ ಬೇಡ. ಯಾವ ಕೆಲಸವೂ ಇಲ್ಲದೆ, ಅಲ್ಲಿ ಅಕ್ಕ ಇದ್ದಾಳೆ, ತಮ್ಮ ಇದ್ದಾನೆ ಎಂಬ ಒಂದೇ ಕಾರಣಕ್ಕೆ ಹೋಗಿ, ಉಂಡು, ಮಲಗಿ, ಬೆಳಿಗ್ಗೆ ಎದ್ದು ಬಂದದ್ದು ಯಾವಾಗ? ನೆನಪು ಮಾಡಿಕೊಳ್ಳಲು ತುಸು ಹೊತ್ತು ಬೇಕಾದರೆ ನಿಮ್ಮಂಥವರೇ ಹೆಚ್ಚು ಮಂದಿ ಎಂದು ತಿಳಿಯಿರಿ.

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಸುಮಾರು 35 ಕಿಲೋಮೀಟರು. ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದರೆ ಒಂದು ಗಂಟೆಯ ಹಾದಿ. ಅಣ್ಣ ಚಾಮರಾಜನಗರದಲ್ಲಿದ್ದು ತಂಗಿಯನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರೆ, ಭಾನುವಾರದ ಬಲಿಪೂಜೆ ಮುಗಿಸಿ ಹೊರಟು, ಮಧ್ಯಾಹ್ನ ಅವಳ ಮನೆಯಲ್ಲಿ ಊಟ ಮಾಡಿ, ದೀಪ ಹಚ್ಚುವ ಹೊತ್ತಿಗೆ ತನ್ನ ಮನೆ ಸೇರಬಹುದು. ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಉಳಿಯಬೇಕೇ ಬೇಡವೇ ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಎತ್ತುಗಳಿಗೆ ದಣಿವಾರಬೇಕಿತ್ತು, ಆದ್ದರಿಂದ ಮನುಷ್ಯರೂ ಉಳಿಯುತ್ತಿದ್ದರು. ಈಗ ಪ್ರತಿಯೊಬ್ಬನ ಜೇಬಿನಲ್ಲೂ ಹೊರಡುವ ವೇಳೆ ಇದೆ. ತಂಗಿ ಬಾಗಿಲಲ್ಲಿ ನಿಂತು, "ಇವತ್ತೊಂದು ರಾತ್ರಿ ಇದ್ಬುಟ್ಟು ಹೋಗಣ್ಣೋ" ಎನ್ನುತ್ತಾಳೆ. ಅಣ್ಣ ಚಪ್ಪಲಿ ಮೆಟ್ಟುತ್ತಾ, "ಇನ್ನೊಂದು ಸಲ ಬರ್ತೀನಿ ಬುಡವ್ವ" ಎನ್ನುತ್ತಾನೆ.

ಇದು ನೀತಿಯ ಪ್ರಶ್ನೆಯೇ, ಬರೀ ಉಪಚಾರದ ಮಾತೇ? ಅಣ್ಣ ಸುಳ್ಳಾಡಲಿಲ್ಲ, ಕದಿಯಲಿಲ್ಲ, ಯಾರನ್ನೂ ನೋಯಿಸಬೇಕೆಂದು ಬಯಸಲಿಲ್ಲ. ದೇವರ ಹತ್ತು ಕಟ್ಟಳೆಗಳಲ್ಲಿ ಯಾವುದನ್ನು ಮೀರಿದ? ಪಾಪನಿವೇದನೆಯ ಪೀಠದ ಮುಂದೆ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಆದರೂ ನಮ್ಮ ಧರ್ಮಸಭೆ ಸುಮಾರು 1400 ವರ್ಷಗಳಿಂದ ಇಂಥದೇ ಒಂದು ಬೇಡಿಕೆಯ ಕಥೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ಆ ಕಥೆಯಲ್ಲಿ ಉಳಿಯಲು ಒಪ್ಪದ ಅಣ್ಣ ಒಬ್ಬ ದೊಡ್ಡ ಸಂತರು, ಉಳಿಯೆಂದು ಬೇಡಿದ ತಂಗಿಯೂ ಸಂತಳು. ಇಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆಯನ್ನು ಅಲ್ಲಿ ನೇರವಾಗಿಯೇ ಎತ್ತಲಾಗಿದೆ.

ಇಟಲಿ ದೇಶದಲ್ಲಿ ರೋಮ್‌ನಿಂದ ನೇಪಲ್ಸ್ ಕಡೆಗೆ ಹೋಗುವ ಹಾದಿಯಲ್ಲಿ, ಸುಮಾರು 130 ಕಿಲೋಮೀಟರು ದೂರದಲ್ಲಿ ಕ್ಯಾಸಿನೊ ಎಂಬ ಪುರಾತನ ಪಟ್ಟಣವಿದೆ. ಪಟ್ಟಣದ ತಲೆಯ ಮೇಲೆ ಕಡಿದಾದ ಬೆಟ್ಟ, ಬೆಟ್ಟದ ತುದಿಯಲ್ಲಿ ಮಠ. ಗುಂಡ್ಲುಪೇಟೆಯ ಬಯಲಲ್ಲಿ ನಿಂತು ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನೋಡಿದವರಿಗೆ ಈ ಚಿತ್ರ ಸುಲಭವಾಗಿ ಹೊಳೆಯುತ್ತದೆ. ಕ್ರಿ.ಶ. 529ರ ಸುಮಾರಿಗೆ ಸಂತ ಬೆನೆಡಿಕ್ಟರು ಆ ಬೆಟ್ಟದ ಮೇಲೆ ಮಠ ಕಟ್ಟಿದರು. ಅಲ್ಲಿಯೇ ಕುಳಿತು 73 ಅಧ್ಯಾಯಗಳ ಮಠನಿಯಮವನ್ನು ಬರೆದರು. ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಹೊತ್ತು ಪ್ರಾರ್ಥಿಸಬೇಕು, ಎಷ್ಟು ಉಣ್ಣಬೇಕು, ಯಾರು ಯಾವಾಗ ಹೊರಗೆ ಹೋಗಬಹುದು ಎಂಬುದೆಲ್ಲ ಅದರಲ್ಲಿದೆ. ಅವರ ತಂಗಿ ಸ್ಕೊಲಾಸ್ಟಿಕ ಚಿಕ್ಕಂದಿನಿಂದಲೇ ದೇವರಿಗೆ ಅರ್ಪಿತಳಾದವಳು. ಇಬ್ಬರೂ ಅವಳಿಗಳೆಂದು ನಂತರದ ಸಂಪ್ರದಾಯ ಹೇಳುತ್ತದೆ. ವರ್ಷಕ್ಕೊಮ್ಮೆ ಮಾತ್ರ ಅವರ ಭೇಟಿ. ತಂಗಿ ಬೆಟ್ಟದವರೆಗೆ ಬರುವಳು, ಅಣ್ಣ ಶಿಷ್ಯರೊಡನೆ ಕೆಳಗಿಳಿದು, ಬಾಗಿಲಿಗೆ ಹೆಚ್ಚು ದೂರವಲ್ಲದ ಮಠದ ಒಂದು ಮನೆಯಲ್ಲಿ ಅವಳನ್ನು ಕಾಣುವರು.

ಒಂದು ವರ್ಷ ಹೀಗೆಯೇ ಸೇರಿದರು. ಹಗಲೆಲ್ಲ ದೇವರ ಸ್ತುತಿಯಲ್ಲೂ ಪುಣ್ಯದ ಮಾತುಕತೆಯಲ್ಲೂ ಕಳೆಯಿತು. ಕತ್ತಲಾಯಿತು, ಊಟಕ್ಕೆ ಕುಳಿತರು. ಊಟದ ನಡುವೆ ತಂಗಿ ಕೇಳಿದಳು, ಈ ರಾತ್ರಿ ನನ್ನನ್ನು ಬಿಟ್ಟು ಹೋಗಬೇಡ, ಬೆಳಗಿನ ತನಕ ಸ್ವರ್ಗಸುಖದ ಮಾತಾಡೋಣ ಎಂದು. ಅಣ್ಣ ಬೆಚ್ಚಿದರು. ತಮ್ಮ ಕೋಣೆಯ ಹೊರಗೆ ರಾತ್ರಿ ಉಳಿಯುವುದು ಸಾಧ್ಯವೇ ಇಲ್ಲವೆಂದರು. ಆಗ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ತಂಗಿ ಮರುಮಾತಾಡದೆ ಮೇಜಿನ ಮೇಲೆ ಕೈಜೋಡಿಸಿ, ಕೈಗಳ ಮೇಲೆ ತಲೆಯಿಟ್ಟು ಪ್ರಾರ್ಥಿಸಿದಳು. ತಲೆ ಎತ್ತುವಷ್ಟರಲ್ಲಿ ಗುಡುಗು, ಮಿಂಚು, ಹೊಸ್ತಿಲು ದಾಟಲಾಗದಂಥ ಮಳೆ. ಏನು ಮಾಡಿಬಿಟ್ಟೆ ತಂಗಿ, ದೇವರು ನಿನ್ನನ್ನು ಕ್ಷಮಿಸಲಿ ಎಂದು ಅಣ್ಣ ನೊಂದುಕೊಂಡರೆ, ನಿನ್ನನ್ನು ಕೇಳಿದೆ, ನೀನು ಒಪ್ಪಲಿಲ್ಲ, ಆತನನ್ನು ಕೇಳಿದೆ, ಆತ ಒಪ್ಪಿದ, ಹೋಗುವುದಾದರೆ ಈಗ ಹೋಗು ಎಂಬರ್ಥದ ಉತ್ತರ ಕೊಟ್ಟಳು. ನಮ್ಮ ಕಡೆಯ ತಂಗಿಯೇ ಸರಿ! ಬೇರೆ ದಾರಿಯಿಲ್ಲದೆ ಬೆನೆಡಿಕ್ಟರು ಉಳಿದರು. ಇಬ್ಬರೂ ರಾತ್ರಿಯಿಡೀ ಎಚ್ಚರವಿದ್ದು ಮಾತಾಡಿದರು.

ಮೂರು ದಿನ ಕಳೆದ ಮೇಲೆ ಬೆನೆಡಿಕ್ಟರು ತಮ್ಮ ಕೋಣೆಯಲ್ಲಿ ನಿಂತು ಕಣ್ಣೆತ್ತಿದಾಗ ತಂಗಿಯ ಆತ್ಮ ಪಾರಿವಾಳದ ರೂಪದಲ್ಲಿ ಮೇಲೇರುವುದನ್ನು ಕಂಡರು. ಶಿಷ್ಯರನ್ನು ಕಳುಹಿಸಿ ಅವಳ ದೇಹವನ್ನು ಬೆಟ್ಟಕ್ಕೆ ತರಿಸಿ, ತಮಗಾಗಿ ಸಿದ್ಧಪಡಿಸಿಕೊಂಡಿದ್ದ ಸಮಾಧಿಯಲ್ಲೇ ಇಡಿಸಿದರು. ಕೆಲವು ವರ್ಷಗಳ ನಂತರ ತಾವೂ ಅಲ್ಲಿಯೇ ಸೇರಿದರು. ಇದನ್ನೆಲ್ಲ ಬರೆದಿಟ್ಟವರು ಪೋಪ್ ಜಗದ್ಗುರು ಮಹಾ ಗ್ರೆಗೊರಿಯವರು, ಸುಮಾರು 593ರಲ್ಲಿ, ತಮ್ಮ 'ಸಂವಾದಗಳು' ಗ್ರಂಥದ ಎರಡನೆಯ ಭಾಗದಲ್ಲಿ. ಬೆನೆಡಿಕ್ಟರ ನಾಲ್ವರು ಶಿಷ್ಯರ ಬಾಯಿಂದ ಕೇಳಿದ ಸಂಗತಿಗಳೆಂದು ಅವರೇ ಹೇಳುತ್ತಾರೆ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ತನಗೆ ಸಾವು ಹತ್ತಿರವಾಗಿದೆ ಎಂದು ಸ್ಕೊಲಾಸ್ಟಿಕಳಿಗೆ ಗೊತ್ತಿತ್ತೆಂದು ಗ್ರೆಗೊರಿಯವರು ಎಲ್ಲಿಯೂ ಹೇಳಿಲ್ಲ. ಪ್ರಬೋಧನೆಗಳಲ್ಲಿ ಅದನ್ನು ಸೇರಿಸಿ ಹೇಳುವುದುಂಟು. ಸೇರಿಸದಿದ್ದರೇ ಒಳ್ಳೆಯದೆಂದು ನನಗನ್ನಿಸುತ್ತದೆ. ಸಾಯುವವಳು ಕೇಳಿದ್ದಾದರೆ ಉಳಿಯದವನು ಕಲ್ಲೆದೆಯವನೇ ಸರಿ, ಅದರಲ್ಲಿ ವಿಚಾರ ಮಾಡಬೇಕಾದದ್ದೇನಿದೆ? ಆಸ್ಪತ್ರೆಯಿಂದ ಫೋನು ಬಂದರೆ ನಾವು ಎಲ್ಲವನ್ನೂ ಬಿಟ್ಟು ಓಡುತ್ತೇವೆ, ವಾರವೆಲ್ಲ ಅಲ್ಲೇ ಮಲಗುತ್ತೇವೆ. ಆ ವಿಷಯದಲ್ಲಿ ನಮ್ಮ ಜನ ಯಾರಿಗೂ ಕಡಿಮೆಯಿಲ್ಲ. ಸ್ಕೊಲಾಸ್ಟಿಕ ಕೇಳಿದ್ದು ಆರೋಗ್ಯವಂತ ತಂಗಿಯೊಬ್ಬಳ ಮಾಮೂಲು ಬೇಡಿಕೆ ಎಂದು ಓದಿದಾಗ ಮಾತ್ರ ಕಥೆ ನಮ್ಮ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ಬೆನೆಡಿಕ್ಟರು ಒಪ್ಪದಿದ್ದದ್ದು ತಪ್ಪೇ? ಅಷ್ಟು ಬೇಗ ತೀರ್ಪು ಕೊಡಬೇಡಿ. ಬೆಟ್ಟದ ಮೇಲೆ ಅವರನ್ನೇ ನೆಚ್ಚಿಕೊಂಡ ಸಹೋದರರಿದ್ದರು. ದಿನದಲ್ಲೇ ಹಿಂದಿರುಗಬಹುದಾದ ಕೆಲಸಕ್ಕೆ ಹೋದವನು ಮಠಾಧಿಪತಿಯ ಅಪ್ಪಣೆಯಿಲ್ಲದೆ ಹೊರಗೆ ಊಟವನ್ನೂ ಮಾಡಬಾರದೆಂದು ಅವರೇ ಬರೆದಿದ್ದರು. ನಿಯಮ ಬರೆದವನೇ ತನ್ನ ತಂಗಿಗಾಗಿ ಅದನ್ನು ಸಡಿಲಿಸಿದರೆ, ನಾಳೆ ಕಿರಿಯನೊಬ್ಬನಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು? ಮನೆಯ ಯಜಮಾನನಾಗಿದ್ದವರಿಗೆ, ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರಿಗೆ ಈ ಇಕ್ಕಟ್ಟು ಗೊತ್ತು. ನಿಯಮವು ಬಲಶಾಲಿಗಳಿಗಿಂತ ಬಲಹೀನರಿಗೆ ಹೆಚ್ಚು ಬೇಕಾದದ್ದು. ಹೊರಟ ಅಣ್ಣನಿಗೂ ನ್ಯಾಯವಾದ ಕಾರಣಗಳಿರುತ್ತವೆ. ಹಸು ಕರೆಯಬೇಕು. ಅರಿಶಿನ ಬೇಯಿಸಿ ಹರವಿದ್ದರೆ ಕಾವಲಿರಬೇಕು. ಮಕ್ಕಳ ಪರೀಕ್ಷೆ ಇರುತ್ತದೆ. ಇವೆಲ್ಲ ನೆಪಗಳಲ್ಲ.

ಆದರೂ ಗ್ರೆಗೊರಿಯವರು ತೀರ್ಪು ಕೊಡುತ್ತಾರೆ. ತಂಗಿಯ ಮಾತು ನಡೆದದ್ದರಲ್ಲಿ ಆಶ್ಚರ್ಯವಿಲ್ಲ, ಅವಳ ಪ್ರೀತಿ ದೊಡ್ಡದಾಗಿತ್ತು, ಆದ್ದರಿಂದ ಅವಳ ಕೈ ಮೇಲಾಯಿತು ಎನ್ನುವುದು ಅವರ ಅಭಿಪ್ರಾಯ. ನಿಯಮಕ್ಕಿಂತ ಪ್ರೀತಿ ದೊಡ್ಡದು ಎಂದು ನಾವು ಇದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ನನಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಏಕೆಂದರೆ ಪ್ರೀತಿಯ ಹೆಸರು ಹೇಳಿ ಯಾವ ಕಟ್ಟುಪಾಡನ್ನಾದರೂ ಮುರಿಯಬಹುದು, ಮುರಿಯುವವರನ್ನು ದಿನವೂ ನೋಡುತ್ತಿದ್ದೇವೆ. ಬೆನೆಡಿಕ್ಟರ ನಿಯಮದ ಪುಸ್ತಕವನ್ನೇ ಇನ್ನೊಮ್ಮೆ ತೆರೆದು ನೋಡಿದರೆ 53ನೆಯ ಅಧ್ಯಾಯದಲ್ಲಿ ಅತಿಥಿಗಳ ವಿಷಯವಿದೆ. ಬಾಗಿಲಿಗೆ ಬಂದವರೆಲ್ಲರನ್ನೂ ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು, ಬಡವರನ್ನೂ ಯಾತ್ರಿಕರನ್ನೂ ಇನ್ನೂ ಹೆಚ್ಚು ಆದರದಿಂದ ಕಾಣಬೇಕು ಎಂಬುದು ಅಲ್ಲಿನ ಸಾರ. ಅಂದರೆ ಅತಿಥಿಯನ್ನು ಸತ್ಕರಿಸುವುದರಲ್ಲಿ ಬೆನೆಡಿಕ್ಟರನ್ನು ಮೀರಿದವರಿಲ್ಲ. ಅವರಿಗೆ ಆ ರಾತ್ರಿ ಕಷ್ಟವಾದದ್ದು ತಾವೇ ಅತಿಥಿಯಾಗಿ ಉಳಿಯುವುದು. ಕೊಡುವ ಕೈಗೆ ತೆಗೆದುಕೊಳ್ಳುವುದು ಬಂದಿರಲಿಲ್ಲ. ತಂಗಿ ಅವರಿಗೆ ಕಲಿಸಿದ್ದು ಅದನ್ನು ಎಂದು ನಾನು ತಿಳಿಯುತ್ತೇನೆ.

ಈಗ ನಮ್ಮ ಅಣ್ಣನ ಕಡೆ ತಿರುಗೋಣ. ಆತ ಬರಿಗೈಯಲ್ಲಿ ಬರುವವನಲ್ಲ. ಹಣ್ಣು ತರುತ್ತಾನೆ, ಮಕ್ಕಳ ಕೈಗೆ ನೋಟು ಇಡುತ್ತಾನೆ, ಹಬ್ಬವಾದರೆ ಸೀರೆ ಕುಪ್ಪಸವನ್ನೂ ಕೊಡುತ್ತಾನೆ. ನೆರೆಯ ಹಿಂದೂ ಮನೆಗಳಲ್ಲಿ ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ, ನಮ್ಮ ಮನೆಗಳಲ್ಲಿ ಕ್ರಿಸ್ಮಸ್ಸಿಗೆ. ಎಲ್ಲ ಕೊಟ್ಟು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾನೆ. ತಂಗಿಗೆ ಕೊಡಲು ಏನನ್ನೂ ಉಳಿಸಲಿಲ್ಲ. ಮಧ್ಯಾಹ್ನದ ಊಟ ಉಂಡದ್ದು ನಿಜ. ಆದರೆ ಆ ಊಟ ಬೇಯುವಾಗ ಆತ ಎಲ್ಲಿದ್ದ? ಹಜಾರದಲ್ಲಿ ಭಾವನೊಂದಿಗೆ ಮಳೆ ಬೆಳೆ ಮಾತಾಡುತ್ತಿದ್ದ. ಅವಳು ಒಲೆಯ ಮುಂದಿದ್ದಳು. ಬಡಿಸುವಾಗ ನಿಂತಿದ್ದಳು. ಅವನು ಕೈತೊಳೆದ ಮೇಲೆ ಅವಳು ಉಂಡಳು, ಪಾತ್ರೆ ತೊಳೆದಳು, ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಬೆಳಿಗ್ಗೆ ಬಂದು ಸಂಜೆ ಹೋಗುವ ಅಣ್ಣ ತಂಗಿಯನ್ನು ಕಾಣುವುದೇ ಇಲ್ಲ, ಅವಳ ಅಡುಗೆಯನ್ನು ಕಂಡು ಹೋಗುತ್ತಾನೆ. ಬೆಥಾನಿಯದ ಮಾರ್ತಳ ಪಾಡು ಇದೇ. ಆದರೆ ಬೆಥಾನಿಯದ ಮನೆಯಲ್ಲಿ ಪ್ರಭು ರಾತ್ರಿಯೂ ತಂಗುತ್ತಿದ್ದರು. ಜೆರುಸಲೇಮಿನಲ್ಲಿ ಹಗಲು ಕಳೆದು ರಾತ್ರಿಗೆ ಬೆಥಾನಿಯಕ್ಕೆ ಬಂದು ಉಳಿದರೆಂದು ಸಂತ ಮತ್ತಾಯರ ಶುಭಸಂದೇಶ ಹೇಳುತ್ತದೆ. ಆ ಅಕ್ಕ ತಂಗಿ ತಮ್ಮಂದಿರ ಮನೆಯಲ್ಲಿ ಪಾತ್ರೆ ತೊಳೆದಾದ ಮೇಲೆ ಮಾರ್ತಳಿಗೂ ಕುಳಿತುಕೊಳ್ಳಲು ಹೊತ್ತು ಸಿಕ್ಕಿರಬೇಕು.

ಹೆಣ್ಣುಮಕ್ಕಳು ಮನಸ್ಸು ಬಿಚ್ಚುವುದು ರಾತ್ರಿ. ಮಕ್ಕಳು ಮಲಗಿದ ಮೇಲೆ, ದೀಪ ಸಣ್ಣದಾದ ಮೇಲೆ, ಚಾಪೆಯ ಮೇಲೆ ಗೋಡೆಗೊರಗಿ ಕುಳಿತಾಗ, ಹಗಲು ಕೇಳಿದ "ಚೆನ್ನಾಗಿದ್ದೀಯವ್ವ?" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ. ಗಂಡ ಕುಡಿಯುವುದನ್ನು ಹಗಲಲ್ಲಿ ಹೇಳಲಾಗುವುದಿಲ್ಲ. ಮಗಳಿಗೆ ಬಂದ ಸಂಬಂಧ ತಪ್ಪಿಹೋದದ್ದನ್ನು, ಸಂಘದ ಸಾಲ ಕಟ್ಟಲಾಗದೆ ಓಲೆ ಅಡವಿಟ್ಟದ್ದನ್ನು, ಬಸ್ಸಿಗೆ ಕಾದಿರುವವನ ಮುಂದೆ ಹೇಳಲಾಗುವುದಿಲ್ಲ. ಎಮ್ಮಾವುಸಿನ ದಾರಿಯಲ್ಲಿ ಆ ಇಬ್ಬರು ಶಿಷ್ಯರೂ ಸಂಜೆಯಾಯಿತೆಂದು ಪ್ರಭುವನ್ನು ಒತ್ತಾಯಿಸಿ ಉಳಿಸಿಕೊಂಡರು. ದಾರಿಯುದ್ದಕ್ಕೂ ಗುರುತು ಸಿಗದ ಆತ ಯಾರೆಂದು ತಿಳಿದದ್ದು ಉಳಿದುಕೊಂಡ ಮೇಲೆ, ರೊಟ್ಟಿ ಮುರಿಯುವಾಗ.

ಗುಂಡ್ಲುಪೇಟೆಯವರಿಗೆ ಒಂದು ವಿಶೇಷ ಅನುಕೂಲವಿದೆ. ಸ್ಕೊಲಾಸ್ಟಿಕಳಂತೆ ಮಳೆಗಾಗಿ ಪ್ರಾರ್ಥಿಸಬೇಕಾಗಿಲ್ಲ. ಬಂಡೀಪುರದ ಕಾಡಿನಲ್ಲಿ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ ಸಂಚಾರ ನಿಷೇಧ ಬಂತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ ಮದ್ದೂರಿನ ಗೇಟೂ, ಊಟಿಯ ದಾರಿಯಲ್ಲಿ ಮೇಲುಕಾಮನಹಳ್ಳಿಯ ಗೇಟೂ ಮುಚ್ಚಿರುತ್ತವೆ. ಆಂಬುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ಬಿಟ್ಟರೆ ಯಾರಿಗೂ ದಾರಿಯಿಲ್ಲ. ವ್ಯಾಪಾರಿಗಳು ಇದನ್ನು ಶಪಿಸುತ್ತಾರೆ, ಅವರ ನಷ್ಟವೂ ನಿಜವೇ. ಆದರೆ ವಯನಾಡಿನಿಂದ ಬಂದು ಇಲ್ಲಿ ಮನೆ ಮಾಡಿರುವ ಕಥೋಲಿಕ ಕುಟುಂಬಗಳನ್ನು ಯೋಚಿಸಿ. ಬತ್ತೇರಿಯಿಂದ ತಂಗಿಯನ್ನು ನೋಡಲು ಬಂದ ಅಣ್ಣ ಎಂಟೂವರೆಗೆ ಇನ್ನೂ ಊಟದ ಮುಂದಿದ್ದರೆ ಆ ರಾತ್ರಿ ಆತ ಅವಳ ಅತಿಥಿ. ಸರ್ಕಾರಕ್ಕೆ ಇದ್ದದ್ದು ಜಿಂಕೆ ಆನೆಗಳ ಯೋಚನೆ, ಒಡಹುಟ್ಟಿದವರದ್ದಲ್ಲ. ಆದರೂ ಆನೆಯ ದಯೆಯಿಂದ ತಂಗಿಯರಿಗೆ ಎಷ್ಟೋ ರಾತ್ರಿಗಳು ದಕ್ಕಿರಬಹುದು! ಚಾಮರಾಜನಗರದ ದಿಕ್ಕಿಗೆ ಅಂಥ ಗೇಟಿಲ್ಲ. ಆ ದಾರಿಯವರು ತಾವಾಗಿಯೇ ನಿಲ್ಲಬೇಕು.

ಬಲವಂತದ ಮಾತು ಬಂತಾದ್ದರಿಂದ ಇನ್ನೊಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಸ್ಕೊಲಾಸ್ಟಿಕ ಅಣ್ಣನನ್ನು ಅವರ ಇಚ್ಛೆಗೆ ವಿರುದ್ಧವಾಗಿ ಉಳಿಸಿಕೊಂಡಳಲ್ಲ, ಅದು ಸರಿಯೇ? ನಮ್ಮ ಮನೆಗಳಲ್ಲೂ ಉಳಿಸಿಕೊಳ್ಳುವ ಬಲವಂತಗಳಿವೆ. "ನನ್ನ ಮೇಲಾಣೆ" ಎನ್ನುವುದು, ಚೀಲ ಬಚ್ಚಿಡುವುದು, ಕಣ್ಣೀರಿಡುವುದು, "ನಿಮ್ಮತ್ತಿಗೆಗೆ ಹೆದರ್ತೀಯ" ಎಂದು ಚುಚ್ಚುವುದು. ಇವುಗಳಿಂದ ಉಳಿದವನು ಮನಸ್ಸಿಲ್ಲದೆ ಉಳಿಯುತ್ತಾನೆ, ಮುಂದಿನ ಸಲ ಬರುವುದನ್ನೇ ಕಡಿಮೆ ಮಾಡುತ್ತಾನೆ. ಸ್ಕೊಲಾಸ್ಟಿಕ ಮಾಡಿದ್ದು ಹಾಗಲ್ಲ. ಅಣ್ಣನನ್ನು ಒಮ್ಮೆ ಕೇಳಿದಳು. ಆಗದು ಎಂದಾಗ ಅವರೊಡನೆ ವಾದಿಸಲಿಲ್ಲ, ಅವರ ಮುಂದೆ ಅತ್ತು ಕರೆಯಲಿಲ್ಲ. ತನ್ನ ಆಸೆಯನ್ನು ಎತ್ತಿಕೊಂಡು ದೇವರ ಬಳಿ ಹೋದಳು. ದೇವರೂ ಆಗದು ಎಂದಿದ್ದರೆ ತಲೆ ಎತ್ತಿ, ಕಣ್ಣೊರೆಸಿಕೊಂಡು, ಅಣ್ಣನನ್ನು ಬೀಳ್ಕೊಡುತ್ತಿದ್ದಳೆಂದೇ ನನ್ನ ನಂಬಿಕೆ. ಬೇಡುವವರಿಗೆ ಇರುವ ಮಿತಿ ಅದು. ತಂಗಿಯರೇ, ಒಮ್ಮೆ ಕೇಳಿ, ಸ್ಪಷ್ಟವಾಗಿ ಕೇಳಿ, ಆಮೇಲೆ ಬಿಟ್ಟುಬಿಡಿ.

ಉಳಿಯಲೇಬಾರದ ಮನೆಗಳೂ ಇವೆ, ಅದನ್ನೂ ಹೇಳಬೇಕು. ಒಂದೇ ಕೋಣೆಯಲ್ಲಿ ಅತ್ತೆ ಮಾವ ಮಕ್ಕಳೆಲ್ಲ ಮಲಗುವ ಮನೆಯಲ್ಲಿ ಅಣ್ಣ ಉಳಿದರೆ ತಂಗಿ ರಾತ್ರಿಯಿಡೀ ಒಲೆಯ ಮುಂದೆ ಕೂರಬೇಕಾದೀತು. ಅಣ್ಣ ಬಂದನೆಂದು ಕೋಳಿ ಕೊಯ್ಯಲು ಸಾಲ ಮಾಡುವವಳ ಮನೆಯಲ್ಲಿ ಉಳಿಯುವುದಾದರೆ, ಕೋಳಿ ಬೇಡ, ಉಪ್ಸಾರು ಮುದ್ದೆ ಸಾಕೆಂದು ಗಟ್ಟಿಯಾಗಿ ಹೇಳಿ ಉಳಿಯಬೇಕು.

ಗುರುಗಳಾದ ಅಣ್ಣತಮ್ಮಂದಿರ, ಮಠ ಸೇರಿದ ಅಕ್ಕತಂಗಿಯರ ಮಾತೇ ಬೇರೆ. ಎರಡನೆಯ ವ್ಯಾಟಿಕನ್ ಮಹಾಸಭೆಗೆ (1962–65) ಮುಂಚೆ ಅನೇಕ ಸಭೆಗಳಲ್ಲಿ ಧರ್ಮಭಗಿನಿಯರು ತವರುಮನೆಯಲ್ಲಿ ಒಂದು ರಾತ್ರಿ ತಂಗುವುದಕ್ಕೂ ಅವಕಾಶವಿರಲಿಲ್ಲ. ಈಗ ರಜೆಯಿದೆ. ಆದರೆ ರಜೆಗೆ ಬಂದ ಸಿಸ್ಟರನ್ನು ನಾವು ಊರೆಲ್ಲ ಸುತ್ತಿಸಿ, ಜಪ ಹೇಳಿಸಿ, ಮನೆಮನೆಗೆ ಕರೆದೊಯ್ದು, ಮನೆಯವರೊಡನೆ ಸುಮ್ಮನೆ ಕುಳಿತುಕೊಳ್ಳಲು ಬಿಡುವುದಿಲ್ಲ.

ಇನ್ನು ಈ ಲೇಖನಕ್ಕೆ ನಿಜವಾದ ಕಾರಣವಾದ ವಿಷಯಕ್ಕೆ ಬರುತ್ತೇನೆ. ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ತೀರಿಹೋಗಿದ್ದಾರೆ, ತಾಯಿಯೂ ಇಲ್ಲ. ಎರಡೂವರೆ ಎಕರೆ ಹೊಲ, ಒಂದು ಬೋರ್‌ವೆಲ್ಲು. ಉಯಿಲು ಬರೆದಿಲ್ಲ. ಪೌತಿ ಖಾತೆ ಮಾಡಿಸಲು ಹೋದರೆ ವಂಶವೃಕ್ಷದಲ್ಲಿ ತಂಗಿಯ ಹೆಸರೂ ಬರುತ್ತದೆ. ಅಣ್ಣ ಒಂದು ದಿನ ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಗೆ ಬರುತ್ತಾನೆ. ಈ ಸಲ ಹಣ್ಣು ತುಸು ಹೆಚ್ಚು. ಚೀಲದಲ್ಲಿ ಹಣ್ಣಿನ ಕೆಳಗೆ ಹಕ್ಕು ಖುಲಾಸೆ ಪತ್ರ. ಊಟಕ್ಕೆ ಮೊದಲೋ ಆಮೇಲೋ ಮಾತು ಎತ್ತುತ್ತಾನೆ. ಅವಳು ಓದುವುದಿಲ್ಲ. "ಎಲ್ಲಿ ಹಾಕ್ಬೇಕಣ್ಣ?" ಎಂದಷ್ಟೇ ಕೇಳುತ್ತಾಳೆ. ಉಪನೋಂದಣಿ ಕಚೇರಿಗೆ ಯಾವ ದಿನ ಬರಬೇಕೆಂದು ಗೊತ್ತಾಗುತ್ತದೆ. ಸಂಜೆಯ ಬಸ್ಸಿಗೆ ಅಣ್ಣ ಹೊರಡುತ್ತಾನೆ. ಬಾಗಿಲಲ್ಲಿ ಅವಳು ಅದೇ ಮಾತು ಹೇಳುತ್ತಾಳೆ, ಇವತ್ತೊಂದು ರಾತ್ರಿ ಇದ್ದು ಹೋಗಣ್ಣ.

ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲಿಲ್ಲದೆ ತೀರಿಹೋದವರ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮನಾಗಿ. ಮಗ ಮಗಳು ಎಂಬ ಭೇದವನ್ನು ಆ ಕಾಯಿದೆ ಮಾಡುವುದಿಲ್ಲ. ತಂಗಿಗೆ ಇದು ಗೊತ್ತಿಲ್ಲವೆಂದಲ್ಲ, ಇಂದು ಬಹುಮಂದಿಗೆ ಗೊತ್ತು. ಗೊತ್ತಿದ್ದೂ ಸಹಿ ಹಾಕುತ್ತಾಳೆ. ಏಕೆಂದು ಅವಳನ್ನು ಕೇಳಿದರೆ, ತವರು ಬೇಕಲ್ಲ ಎನ್ನುತ್ತಾಳೆ. ಪಾಲು ಕೇಳಿದ ತಂಗಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ನಮ್ಮ ಕಡೆ ಎಲ್ಲ ಜಾತಿಯ ಹೆಂಗಸರೂ ಬಲ್ಲ ಸಂಗತಿ. ಒಂದೆಕರೆ ಕಾಲನ್ನು ಕೊಟ್ಟು ಅವಳು ಕೊಂಡುಕೊಳ್ಳುತ್ತಿರುವುದು ಅಣ್ಣನ ಮನೆಗೆ ಹೋಗಿ ಒಂದೆರಡು ರಾತ್ರಿ ಮಲಗುವ ಹಕ್ಕನ್ನು, ಅಣ್ಣ ತನ್ನ ಮನೆಗೆ ಬಂದು ಒಂದು ರಾತ್ರಿ ಇರುವ ಭಾಗ್ಯವನ್ನು. ಇಷ್ಟು ದುಬಾರಿಯ ರಾತ್ರಿಯನ್ನೂ ಕೊಡದೆ ಬಸ್ಸು ಹತ್ತುವುದು ಯಾವ ಕಟ್ಟಳೆಯನ್ನು ಮೀರಿದಂತೆ ಎಂದು ನಾನು ಮೊದಲು ಕೇಳಿದೆನಲ್ಲ, ಏಳನೆಯದನ್ನು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಹೊಲದ ವಿಷಯದಲ್ಲಿ ಅವಳು ಒಪ್ಪಿಕೊಟ್ಟಿರಬಹುದು. ಅದರ ಬೆಲೆಯನ್ನು ಅವನು ಕೊಟ್ಟಿಲ್ಲ.

ಚಾಮರಾಜನಗರದ ಹೆಸರಿನಲ್ಲೇ ಒಂದು ರಕ್ತಸಂಬಂಧವಿದೆ. ಮೊದಲು ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರನ್ನು 1818ರಲ್ಲಿ ಇಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನವನ್ನು ಕಟ್ಟಿಸಿದರು. ಆ ದೇವಸ್ಥಾನದ ಆಷಾಢದ ತೇರಿಗೆ ನವದಂಪತಿಗಳು ಗುಂಪಾಗಿ ಬರುತ್ತಾರೆ. ಆಷಾಢದಲ್ಲಿ ಹೊಸ ಹೆಣ್ಣು ತವರಿನಲ್ಲಿರುವುದು ವಾಡಿಕೆಯಾದ್ದರಿಂದ ಗಂಡಹೆಂಡಿರು ತೇ‌ರಿನಲ್ಲಿ ಕಂಡುಕೊಳ್ಳುತ್ತಾರೆ. ಮದುವೆಯಾದ ಮೊದಲ ವರ್ಷ ಮಗಳಿಗೆ ತವರಿನಲ್ಲಿ ಒಂದಿಡೀ ತಿಂಗಳಿನ ರಾತ್ರಿಗಳನ್ನು ಕೊಟ್ಟ ನಾಡು ಇದು. ಆಮೇಲಿನ ವರ್ಷಗಳಲ್ಲಿ ಏಕೆ ಇಷ್ಟು ಜಿಪುಣವಾಗುತ್ತದೆ?

ಕ್ಯಾಸಿನೊ ಬೆಟ್ಟದ ಮಠ ನಾಲ್ಕು ಬಾರಿ ನೆಲಸಮವಾಗಿದೆ. ಲೊಂಬಾರ್ಡರು ಕೆಡವಿದರು, 883ರಲ್ಲಿ ಸರಸೆನರು ಸುಟ್ಟರು, 1349ರಲ್ಲಿ ಭೂಕಂಪವಾಯಿತು. ಕಡೆಯದಾಗಿ ಎರಡನೆಯ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 15ರಂದು, ಸಂತ ಸ್ಕೊಲಾಸ್ಟಿಕಳ ಹಬ್ಬವಾದ ಐದೇ ದಿನಕ್ಕೆ ಮಿತ್ರಪಡೆಗಳ ವಿಮಾನಗಳು ಬಾಂಬು ಸುರಿದವು. ನಮ್ಮ ದೇಶದ ಸೈನಿಕರೂ ಆ ಬೆಟ್ಟದ ಇಳಿಜಾರುಗಳಲ್ಲಿ ಹೋರಾಡಿ ಮಡಿದು ಅಲ್ಲಿಯೇ ಮಣ್ಣಾದರು. ಕಲ್ಲಿನ ಮೇಲೆ ಕಲ್ಲು ಉಳಿಯದ ಆ ಜಾಗದಲ್ಲಿ ಅಣ್ಣತಂಗಿಯರ ಸಮಾಧಿ ಉಳಿಯಿತು. ಮತ್ತೆ ಕಟ್ಟಿದ ದೇವಾಲಯವನ್ನು 1964ರ ಅಕ್ಟೋಬರ್ 24ರಂದು ಜಗದ್ಗುರು ಆರನೆಯ ಪೌಲರು ಪ್ರತಿಷ್ಠಾಪಿಸಿದರು. ನಮ್ಮಲ್ಲಿಂದ ಯಾತ್ರೆಗೆ ಹೋಗುವವರು ರೋಮ್, ಅಸ್ಸಿಸಿ, ಪಾದುವಾ ನೋಡಿ ಬರುತ್ತಾರೆ. ಒಡಹುಟ್ಟಿದವರೊಡನೆ ಹೋಗುವ ಭಾಗ್ಯವಿದ್ದವರು ಒಂದು ರಾತ್ರಿ ಕ್ಯಾಸಿನೊದಲ್ಲಿ ಇಳಿದುಕೊಳ್ಳಿ. ಮಿಕ್ಕವರಿಗೆ ತೆರಕಣಾಂಬಿಯ ಬಸ್ಸಿದೆ, ಹಬ್ಬ ಫೆಬ್ರವರಿ 10ಕ್ಕೆ.

ಹೋಗುವಾಗ ಕಾಗದವನ್ನು ಮನೆಯಲ್ಲೇ ಬಿಟ್ಟು ಹೋಗಿ. ಪಾಲಿನ ಮಾತು ಆಡಲೇಬೇಕಾದರೆ ಬೆಳಿಗ್ಗೆ ಎದ್ದು ಕಾಫಿ ಕುಡಿದ ಮೇಲೆ ಆಡಿ, ಅವಳು ರಾತ್ರಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ. ಹತ್ತು ವರ್ಷಗಳ ಹಿಂದೆಯೇ ಸಹಿ ಹಾಕಿಸಿಕೊಂಡವರು ಏನು ಮಾಡಬೇಕೆಂದು ನೀವು ಕೇಳಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಬೇಕಾದರೆ ವಕೀಲರನ್ನೂ ಕೇಳಿ, ಹಿಂದಕ್ಕೆ ಕೊಡುವ ದಾರಿಗಳಿವೆ. ಆದರೆ ಮೊದಲು ಹೋಗಿ ತಂಗಿಯನ್ನೇ ಕೇಳಿ. ಅವಳು ಹೊಲದ ಮಾತು ಎತ್ತಲಾರಳು. ನಿಮ್ಮ ಕೈಯಿಂದ ಚೀಲ ಇಸಿದುಕೊಳ್ಳುತ್ತಾ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾಳೆ.